ಏಕಾದಶಿಯ ಐದು ಚುಕ್ಕೆ

“ಕಳ್ಳಿ ಅಂತ ಇನ್ನೊಂದು ಸಲ ಅನ್ರಿ! ನಾಲಿಗಿ ಕಿತ್ತು ನಿಮ್ಮ ಕೈಯಾಗೇ ಕೊಡ್ತೀನಿ!”

ಸುಲೋಚನಾ ಮೇಜಿಗೆ ಹೊಡೆದ ಏಟಿಗೆ ನಾಲ್ಕು ಚಹಾ ಕಪ್ಪುಗಳೂ ಒಟ್ಟಿಗೆ ಕುಣಿದವು.

“ಕಳ್ಳಿ ಅಂತ ನಾನು ಹೇಳಲೇ ಇಲ್ಲ,” ಎಂದ ಮಧ್ವರಾಜ. ಅವನ ದನಿ ಒಂದು ಎಳೆಯೂ ಏರಲಿಲ್ಲ. “ಗಾಜಿನ ಪೆಟ್ಟಿಗೆಗೆ ಕೀಲಿಕೈ ಮೂರು. ನನ್ನದೊಂದು, ಅಕ್ಕನದೊಂದು, ನಿನ್ನದೊಂದು. ನನ್ನ ಪುಸ್ತಕ ನಾನೇ ಕದಿಯುವುದಿಲ್ಲ. ಅಕ್ಕ ಕದಿಯುವುದಿಲ್ಲ. ಮೂರರಲ್ಲಿ ಎರಡು ಹೋದರೆ ಎಷ್ಟು ಉಳೀತದೆ, ನೀನೇ ಹೇಳು.”

“ಅಂದ್ರ ನಾನೇ ಅಂತ ಆತಲ್ಲ! ಸೀದಾ ಬೋಲೋ ನಾ, ಸರ್!”

“ನಾನಲ್ಲ. ಲೆಕ್ಕ ಹೇಳ್ತದೆ.”

“ಲೆಕ್ಕಕ್ಕ ಬಾಯಿ ಐತೇನ್ರೀ? ಬಾಯಿ ನಿಮ್ದು!”

ಅಂಬಾರಾಯ ಕಿಟಕಿಯ ಪಕ್ಕ ನಿಂತು ಕೇಳುತ್ತಿದ್ದ. ಕೆಳಗೆ ಒಂದು ಕಡೆ ಹಳೆಯ ಘಣಸೋಲಿ ಊರಿನ ಹೆಂಚುಗಳು, ಇನ್ನೊಂದು ಕಡೆ ಸೆಕ್ಟರುಗಳ ಉದ್ದುದ್ದ ಕಟ್ಟಡಗಳು. ಅವನಿಗೆ ಜಗಳ ಹೊಸದಲ್ಲ. ಇಪ್ಪತ್ತು ವರ್ಷ ಕಲ್ಯಾಣದ ಗೂಡ್ಸ್ ಯಾರ್ಡಿನಲ್ಲಿ ಹಮಾಲರ ಮೇಲ್ವಿಚಾರಣೆಯ ಮುಕದ್ದಮನಾಗಿದ್ದವನು. ಕಳೆದ ಮೂಟೆ ಹುಡುಕಿ ಹುಡುಕಿ ಕೊನೆಗೆ ಹುಡುಕುವುದೇ ಕಸುಬಾಯಿತು. ಈಗ ಅಲ್ಲೇ ಒಂದು ಹಿಟ್ಟಿನ ಗಿರಣಿಯ ಮಾಳಿಗೆಯ ಮೇಲೆ ಪತ್ತೇದಾರನ ಬೋರ್ಡು ಹಾಕಿಕೊಂಡಿದ್ದ. ಸಿಟ್ಟು ಮೂಗಿನ ತುದಿಯಲ್ಲಿರುವ ಆಸಾಮಿ. ಆದರೆ ಬೇರೆಯವರು ಜಗಳ ಆಡುವಾಗ ಮಾತ್ರ ತಣ್ಣಗಿರುತ್ತಿದ್ದ. ಜಗಳದಲ್ಲಿ ಮನುಷ್ಯರ ಹೊಲಿಗೆ ಬಿಚ್ಚುತ್ತದೆ, ಒಳಗಿನ ಕಾಳು ಯಾವುದೆಂದು ಕಾಣುತ್ತದೆ.

ಗೋಡೆಯ ಗಡಿಯಾರದಲ್ಲಿ ನಾಲ್ಕು ಗಂಟೆ. ಐದಕ್ಕೆ ಪೊಲೀಸರು ಬರುವವರಿದ್ದರು.

ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ ಇತ್ತು. ದೂರು ಹಿಂತೆಗೆದುಕೊಳ್ಳುತ್ತೇನೆ ಎಂಬ ಒಂದೇ ಸಾಲು, ಅದರ ಕೆಳಗೆ ಸಹಿಗೆ ಖಾಲಿ ಜಾಗ. ಅಂಬಾರಾಯನೇ ಟೈಪು ಮಾಡಿಸಿ ತಂದದ್ದು. ಐದರೊಳಗೆ ಅಲ್ಲಿ ಮಧ್ವರಾಜನ ಸಹಿ ಬಿದ್ದರೆ ಸುಲೋಚನಾ ಮನೆಗೆ. ಬೀಳದಿದ್ದರೆ ಲಾಕಪ್ಪಿಗೆ.

ಐದು ದಿನದ ಹಿಂದೆ, ತಜ್ಞರು ಪರೀಕ್ಷೆಗೆ ಬರುವ ಹಿಂದಿನ ದಿನ, ಈ ಕಟ್ಟಡದ ಕೆಳಗಿನ ಹಜಾರದಿಂದ ಮಾಯವಾದದ್ದು ಒಂದು ಹಳೆಯ ನೋಟ್‌ಬುಕ್. ಅದರ ಕಥೆ ಕೇಳದ ಕನ್ನಡಿಗ ಥಾಣೆ ಶಹರದಿಂದ ಕಲ್ಯಾಣದವರೆಗೆ ಸಿಗುವುದು ಕಷ್ಟ.

ಥಾಣೆಯ ನೌಪಾಡಾದಲ್ಲಿ ಮಧ್ವರಾಜನ ತಂದೆಯ ಉಡುಪಿ ಹೋಟೆಲು ಇತ್ತು. ಕಾಲೇಜು ಬಿಟ್ಟ ಮೇಲೆ ಗಲ್ಲೆಯಲ್ಲಿ, ಹಣದ ಪೆಟ್ಟಿಗೆಯ ಮುಂದೆ, ಕೂರುತ್ತಿದ್ದ ಮಧ್ವರಾಜ, ದಿನಕ್ಕೆ ಎಷ್ಟು ಕೊಳಗ ಇಡ್ಲಿ ಅಕ್ಕಿ ಬೇಕಾಯಿತು ಎಂದು ಬರೆದಿಟ್ಟನಂತೆ. ಮಳೆ, ತಡವಾದ ಲೋಕಲ್, ಹಬ್ಬ, ಸಂಬಳದ ವಾರ, ಎಲ್ಲವನ್ನೂ ಪಕ್ಕದಲ್ಲಿ ಗುರುತು ಮಾಡಿದನಂತೆ. ನಾಳೆ ಜನ ಎಷ್ಟು ತಿನ್ನುತ್ತಾರೆ ಎಂಬುದನ್ನು ಇವತ್ತೇ ಹೇಳಬಹುದು ಎಂದು ಅವನಿಗೆ ಹೊಳೆಯಿತಂತೆ. ಆಮೇಲೆ ಮತ್ತೆ ಕಾಲೇಜು ಸೇರಿ ಸ್ಟ್ಯಾಟಿಸ್ಟಿಕ್ಸ್ ಓದಿದ. ಬ್ಯಾಂಕಿನ ನೌಕರಿ ಹಿಡಿದ, ಬಿಟ್ಟ. ಡೊಂಬಿವಲಿಯ ಒಂದು ಖೋಲಿಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು, ಇಡ್ಲಿಗೆ ಮಾಡಿದ ಲೆಕ್ಕವನ್ನೇ ಶೇರುಪೇಟೆಗೆ ಮಾಡಿದ.

ಆ ಖೋಲಿ ಬೆಳೆದು ಐರೋಲಿಯ ‘ಕೊಳಗ ರಿಸರ್ಚ್’ ಆಯಿತು. ಅಲ್ಲಿ ಯಾರೂ ಪೇಪರ್ ಓದಿ ಶೇರು ಕೊಳ್ಳುತ್ತಿರಲಿಲ್ಲ. ಗಣಿತ ಓದಿದ ಮುನ್ನೂರು ಮಂದಿ ಸೂತ್ರ ಬರೆಯುತ್ತಿದ್ದರು, ಯಂತ್ರ ಕೊಂಡು ಮಾರುತ್ತಿತ್ತು, ಒಬ್ಬ ಮನುಷ್ಯ ಸೀನುವಷ್ಟರಲ್ಲಿ ಸಾವಿರ ಸಲ. ಐವತ್ತೈದಕ್ಕೆ ಮಧ್ವರಾಜ ಕಂಪನಿ ಬಿಟ್ಟು ದಾನಕ್ಕೆ ಇಳಿದ. ಕಲ್ಯಾಣದಲ್ಲಿ ಡಯಾಲಿಸಿಸ್ ಕೇಂದ್ರ, ದಿವಾದಲ್ಲಿ ಹಮಾಲರ ಮಕ್ಕಳಿಗೆ ಹಾಸ್ಟೆಲು, ಘಣಸೋಲಿಯಲ್ಲಿ ಈ ಗಣಿತ ಗ್ರಂಥಾಲಯ. ಅಂಬಾರಾಯನ ಸೋದರಳಿಯನೇ ಆ ಹಾಸ್ಟೆಲಿನಲ್ಲಿದ್ದು ಓದಿ ಲೈನ್‌ಮನ್ ಆಗಿದ್ದ. ಒಳ್ಳೆಯದು ಒಳ್ಳೆಯದೇ. ಅದನ್ನು ಅಂಬಾರಾಯ ಅಲ್ಲಗಳೆಯುತ್ತಿರಲಿಲ್ಲ.

ಆದರೆ ಪ್ರತಿ ಭಾಷಣದಲ್ಲೂ ಮಧ್ವರಾಜ ಆ ನೋಟ್‌ಬುಕ್ ಎತ್ತಿ ತೋರಿಸುತ್ತಿದ್ದ. ಅದರ ನಕಲು ಪ್ರತಿ ನಾಲ್ಕು ದಿನದಿಂದ ಅಂಬಾರಾಯನ ಚೀಲದಲ್ಲಿತ್ತು. ಅವನ ನಿದ್ದೆ ಕೆಡಿಸಿದ್ದು ಅದೇ.

“ಸರ್, ನಿಮ್ಮ ಲೆಕ್ಕದಾಗ ನನಗೊಂದು ಡೌಟು ಅದ,” ಎಂದು ಅಂಬಾರಾಯ ಕಿಟಕಿ ಬಿಟ್ಟು ಬಂದ. “ಆ ಗಾಜಿನ ಪೆಟ್ಟಿಗ್ಯಾಗ ನೋಟ್‌ಬುಕ್ ಬಾಜೂಕ ಹಿತ್ತಾಳಿ ಕೊಳಗ ಅದ. ಅಕ್ಕಿ ಅಳೆಯೋದು. ಯಾರದದು?”

“ಹೋಟೆಲಿನದ್ದು.”

“ಸುಳ್ಳು!” ಎಂದಳು ಸುಲೋಚನಾ. “ನಮ್ಮಪ್ಪಂದು. ಸಿಂದಗಿಯಿಂದ ಹೊತ್ತು ತಂದಿದ್ದ.”

ಸುಲೋಚನಾಳ ಅಪ್ಪ ಯಂಕಪ್ಪ ಆ ಹೋಟೆಲಿನಲ್ಲಿ ಹತ್ತೊಂಬತ್ತು ವರ್ಷ ಹಿಟ್ಟು ರುಬ್ಬಿದವನು. ನಾಲ್ಕು ವರ್ಷದ ಹಿಂದೆ ತೀರಿಕೊಂಡ. ಆ ಮೇಲೆಯೇ ಮಧ್ವರಾಜ ಸುಲೋಚನಾಳನ್ನು ಗ್ರಂಥಾಲಯದ ಕೆಲಸಕ್ಕೆ ತೆಗೆದುಕೊಂಡದ್ದು.

“ನೋಡ್ರಿ ಮತ್ತ,” ಎಂದ ಅಂಬಾರಾಯ. “ಈಕಿ ಕಳ್ಳಿ ಆಗಿದ್ರ ಅಪ್ಪನ ಕೊಳಗ ಒಯ್ತಿದ್ಳು. ಹಿತ್ತಾಳಿ ಬಿಟ್ಟು ಕಾಗದ ಯಾಕ ಒಯ್ತಾಳ? ಕಾಗದ ಒಯ್ಯೋರು ಯಾರು? ಆ ಕಾಗದ ಬ್ಯಾರೆಯವರು ಓದಿದ್ರ ಯಾರಿಗಿ ತ್ರಾಸ ಆಗ್ತದೋ ಅವರು.”

ಮೂಲೆಯ ಕುರ್ಚಿಯಲ್ಲಿ ಪ್ರಿಯಂವದಾ ಕೆಂಪು ಪೆನ್ನು ಹಿಡಿದು ವಿದ್ಯಾರ್ಥಿವೇತನದ ಅರ್ಜಿಗಳನ್ನು ತಿದ್ದುತ್ತಿದ್ದಳು. ಮಧ್ವರಾಜನ ಅಕ್ಕ. ಮೂವತ್ತು ವರ್ಷ ಡೊಂಬಿವಲಿಯಲ್ಲಿ ಗಣಿತದ ಟೀಚರ್. ಪೊಲೀಸರ ಮೇಲೆ ನಂಬಿಕೆಯಿಲ್ಲ ಎಂದು ಅಂಬಾರಾಯನನ್ನು ಈ ಕೆಲಸಕ್ಕೆ ಕರೆಸಿದವಳು ಅವಳೇ.

“ಸುತ್ತಿ ಬಳಸಬೇಡ ಮಾರಾಯ,” ಎಂದಳು ತಲೆ ಎತ್ತದೆ. “ಉತ್ತರ ಗೊತ್ತಿದ್ರೆ ಬೋರ್ಡ್ ಮೇಲೆ ಬರಿ.”

ಅಂಬಾರಾಯ ಚೀಲದಿಂದ ಪ್ಲಾಸ್ಟಿಕ್ ಕವರು ತೆಗೆದ. ಅದರಿಂದ ಕಂದಿದ ಒಂದು ಹಾಳೆ ಎಳೆದು ಮೇಜಿನ ಮೇಲೆ ಬಡಿದ. ಸಿಕ್ಕ ಸಾಕ್ಷಿಯ ಅಸಲನ್ನು ಯಾರ ಮುಂದೆಯೂ ಇಡಬಾರದು ಎಂಬುದು ಅವನೇ ಹಾಕಿಕೊಂಡ ನಿಯಮ. ಸಿಟ್ಟಿನಲ್ಲಿ ಅದು ಮರೆತುಹೋಯಿತು.

ಮರಾಠಿ ಗೋಡೆ ಕ್ಯಾಲೆಂಡರಿನ ಹಾಳೆ. ಮೂವತ್ತಾರು ವರ್ಷದ ಹಿಂದಿನ ಆಷಾಢದ್ದು. ಪ್ರತಿ ತಾರೀಖಿನ ಚೌಕದೊಳಗೆ ಇದ್ದಿಲಿನ ಚುಕ್ಕೆಗಳು. ಎಲ್ಲೋ ಹನ್ನೆರಡು, ಎಲ್ಲೋ ಒಂಬತ್ತು, ಎಲ್ಲೋ ಹದಿನಾಲ್ಕು.

“ನಿನ್ನೆ ಮುಂಬ್ರಾಕ್ಕ ಹೋಗಿದ್ದೆ. ಯಂಕಪ್ಪನ ಹೆಂಡತಿ ಚಂದ್ರಬಾಯಿ ಟ್ರಂಕಿನ ತಳಕ್ಕ ಹಾಸಿದ್ದು ಇದು. ಇನ್ನೂ ಹನ್ನೊಂದು ಹಾಳಿ ಅಲ್ಲೇ ಅವ. ಒಂದು ಚುಕ್ಕಿ ಅಂದ್ರ ಒಂದು ಕೊಳಗ. ಬರೀಲಿಕ್ಕ ಬರತಿರಲಿಲ್ಲ ಅವಗ, ಎಣಿಸಲಿಕ್ಕ ಬರತಿತ್ತು.”

ಮಧ್ವರಾಜ ಕನ್ನಡಕ ಹಾಕಿಕೊಂಡು ಹಾಳೆಯ ಮೇಲೆ ಬಾಗಿದ. ಅವನ ತುಟಿ ಅಲುಗತೊಡಗಿತು. ಬೆರಳು ಚೌಕದಿಂದ ಚೌಕಕ್ಕೆ ಓಡಿತು. ಕೋಣೆಯಲ್ಲಿ ಬೇರೆ ಯಾರಾದರೂ ಇದ್ದಾರೆ ಎಂಬುದೇ ಅವನಿಗೆ ಮರೆತಂತಿತ್ತು.

“ಸಂಬಳದ ಮರುದಿನ ಹದಿನಾಲ್ಕು... ತಿಂಗಳ ಕೊನೆಗೆ ಒಂಬತ್ತು. ಭಾನುವಾರ ಲೋಕಲ್ ಲೈನ್ ಬಂದ್ ಆದ ದಿನ ಎಂಟು. ಅದನ್ನು ಮೊದಲೇ ಹೇಗೆ ಗೊತ್ತು ಮಾಡಿದ ಇವನು?” ಅವನ ಮುಖದಲ್ಲಿ ನಗುವಿನಂಥ ಏನೋ ಬಂತು. “ಎಂಥಾ ಕ್ಲೀನ್ ಡೇಟಾ!”

“ಸ್ಟೇಶನ್‌ದಾಗ ಗ್ಯಾಂಗ್‌ಮನ್ ದೋಸ್ತ್ ಇದ್ರು ಅಪ್ಪಗ,” ಎಂದಳು ಸುಲೋಚನಾ. “ಶನಿವಾರ ಚಹಾ ಕುಡ್ಯಾಕ ಬರೋರು. ಕೇಳ್ಕೊಂಡು ಅಕ್ಕಿ ನೆನಿಯಾಕ ಹಾಕ್ತಿದ್ದ.”

ಅಂಬಾರಾಯ ನೋಟ್‌ಬುಕ್ಕಿನ ನಕಲನ್ನು ಪಕ್ಕದಲ್ಲಿಟ್ಟ. “ಈಗ ಶುಕ್ರವಾರ ನೋಡ್ರಿ. ಕ್ಯಾಲೆಂಡರಿನ್ಯಾಗ ಏನು ಛಾಪಾ ಅದ?”

“ಆಷಾಢಿ ಏಕಾದಶಿ.”

“ಚುಕ್ಕಿ ಎಷ್ಟು?”

“ಐದು.”

“ಶನಿವಾರ?”

“ಹನ್ನೆರಡು.”

“ಖರೇ ಅದ. ಏಕಾದಶಿ ದಿನ ನೌಪಾಡಾದ ಮಂದಿ ಎಲ್ಲಾ ಉಪವಾಸ. ಸಾಬುದಾಣಿ ತಿಂತಾರ, ಇಡ್ಲಿ ಮುಟ್ಟಂಗಿಲ್ಲ. ಅದಕ್ಕೇ ಐದು ಕೊಳಗ. ಈಗ ನಿಮ್ಮ ನೋಟ್‌ಬುಕ್ ನೋಡ್ರಿ. ಶುಕ್ರವಾರ ಹನ್ನೆರಡು, ಶನಿವಾರ ಐದು. ಉಪವಾಸ ಒಂದು ದಿನ ಸರದದ. ಒಮ್ಮೆ ಅಲ್ಲ, ಆ ವರ್ಷ ಮೂರು ಸಲ.”

ಮಧ್ವರಾಜನ ಬೆರಳು ನಿಂತಿತು.

“ನನಗೂ ತಿಳೀಲಿಲ್ಲ,” ಎಂದ ಅಂಬಾರಾಯ. “ಇವತ್ತು ಮುಂಜಾನೆ ಕಲ್ಯಾಣದಾಗ ನಾ ತಿಂಡಿ ತಿನ್ನೋ ಉಡುಪಿ ಹೋಟೆಲಿನ ಗಲ್ಲೇದವರಿಗಿ ಕೇಳ್ದೆ. ಅವರು ನಕ್ಕರು. ‘ಗಿರಾಕಿಯ ಏಕಾದಶಿ ಇವತ್ತು, ನಮ್ಮ ಮಠದ ಏಕಾದಶಿ ಕೆಲವು ಸಲ ನಾಳೆ. ಇವತ್ತು ಸಾಬುದಾಣಿ ಮಾರ್ತೇವೆ, ನಾಳೆ ನಾವು ಉಪವಾಸ ಮಾಡ್ತೇವೆ’ ಅಂದ್ರು. ಗಲ್ಲೇದಾಗ ಕುಂತವರಿಗಿ ಇದು ಗೊತ್ತಿರ್ತದ. ಯಂಕಪ್ಪಗ ಗೊತ್ತಿತ್ತು. ನಿಮಗೂ ಗೊತ್ತಿತ್ತು, ಮಧ್ವರಾಜ ಸರ್. ಹಂಗಾರ ಈ ತಪ್ಪು ಮಾಡಿದವರು ಯಾರು? ಮನ್ಯಾಗ ಉಡುಪಿ ಪಂಚಾಂಗ ಇಟ್ಕೊಂಡು, ಏಕಾದಶಿ ನೋಡಿ ನೋಡಿ, ಅಂಕಿ ಕಟ್ಟಿ ಬರದವರು. ಹೋಟೆಲಿನ ಗಲ್ಲೇದಾಗ ಒಂದಿನಾನೂ ಕೂಡದವರು.”

ಅವನು ಮೂಲೆಗೆ ತಿರುಗಿದ.

“ಹೆಣ್ಮಕ್ಕಳಿಗಿ ಗಲ್ಲೇದಾಗ ಕೂಡಿಸ್ತಿದ್ದಿಲ್ಲ ಅಲ್ರೀ, ಅಕ್ಕಾರ?”

ಕೆಂಪು ಪೆನ್ನು ಅರ್ಜಿಯ ಮೇಲೆ ನಿಂತಿತು. ಪ್ರಿಯಂವದಾ ಅದರ ಮುಚ್ಚಳ ಹಾಕಿದಳು.

“ಇಲ್ಲ,” ಎಂದಳು. “ಹೋಟೆಲಿನ ಒಳಗೆ ಕಾಲಿಟ್ಟದ್ದೇ ಅಪ್ಪ ಸತ್ತ ದಿನ.”

“ಬೊಡ್ಚಿ ಅಕ್ಕಾ,” ಎಂದ ಮಧ್ವರಾಜ.

ಮೂವತ್ತು ವರ್ಷ ಉಡುಪಿ ಹೋಟೆಲುಗಳಲ್ಲಿ ಉಂಡ ಅಂಬಾರಾಯನಿಗೆ ಅಷ್ಟು ತುಳು ಬರುತ್ತಿತ್ತು. ಬೇಡ ಎಂದು.

“ಬೇಕು,” ಎಂದಳು ಅಕ್ಕ ಕನ್ನಡದಲ್ಲೇ. “ಹೌದು ಅಂಬಾರಾಯ, ಆ ನೋಟ್‌ಬುಕ್ ನಾನು ಬರೆದದ್ದು. ಇವನ ಅಕ್ಷರ ನನಗೆ ಕಷ್ಟವಲ್ಲ. ಶಾಲೆಯಲ್ಲಿ ಇವನ ಹೋಂವರ್ಕ್ ಬರೆದುಕೊಡ್ತಿದ್ದವಳು ನಾನೇ. ಏಕಾದಶಿ ತಪ್ಪಿತು ಅಂತ ಇವತ್ತು ಗೊತ್ತಾಯ್ತು. ಒಂದು ಮಾರ್ಕ್ ಕಳೆ.”

ಅಂಬಾರಾಯನ ಸಿಟ್ಟು ನೆತ್ತಿಗೇರಿತು. “ಮಾರ್ಕ್ ಅಲ್ರೀ! ಒಂದು ಹೆಣ್ಮಗಳು ಜೇಲಿಗೆ ಹೊಂಟಾಳ! ತಜ್ಞರು ಬಂದು ಕಾಗದದ ವಯಸ್ಸು, ಶಾಯಿ ವಯಸ್ಸು ನೋಡೋರಿದ್ರು. ಸಿಕ್ಕಿಬೀಳ್ತೀನಂತ ಹಿಂದಿನ ದಿನ ನೀವೇ ನೋಟ್‌ಬುಕ್ ತೆಗದ್ರಿ. ಹೊರಗ ತೆಗೀರಿ ಈಗ!”

“ಕದ್ದವಳು ನಿನ್ನನ್ನು ದುಡ್ಡು ಕೊಟ್ಟು ಕರೆಸ್ತಾಳಾ? ಬುದ್ಧಿ ಉಂಟಾ ನಿನಗೆ?”

“ಸಂಶಯ ಬರಬಾರದಂತ ಕರಸಿರ್ತೀರಿ.”

“ಹಾಗಾದ್ರೆ ಇದನ್ನೂ ಕೇಳು,” ಎಂದಳು ಪ್ರಿಯಂವದಾ. “ಆ ತಜ್ಞರನ್ನು ಕರೆಸಿದ್ದೂ ನಾನೇ.”

ಅಂಬಾರಾಯ ನೋಟ್‌ಬುಕ್ಕಿಗೆಂದು ಚಾಚಿದ್ದ ಕೈ ಹಿಂದಕ್ಕೆ ಎಳೆದುಕೊಂಡ.

“ನಾಲ್ಕು ವರ್ಷದಿಂದ ಈ ಹುಡುಗಿ ದಿನಾ ಬೆಳಿಗ್ಗೆ ಆ ಗಾಜು ಒರೆಸ್ತಾಳೆ. ಒಳಗೆ ಇವಳಪ್ಪನ ಕೊಳಗ, ಪಕ್ಕದಲ್ಲಿ ನನ್ನ ಸುಳ್ಳು. ನನಗೆ ಅರವತ್ತಮೂರು ಆಯ್ತು. ಸುಳ್ಳು ಅಂತ ನಾನಾಗಿ ಹೇಳ್ಲಿಕ್ಕೆ ಧೈರ್ಯ ಇರಲಿಲ್ಲ. ಬೇರೆ ಯಾರಾದ್ರೂ ಕಂಡುಹಿಡಿಯಲಿ ಅಂತ ಕರೆಸಿದೆ.” ಅವಳು ತಮ್ಮನ ಕಡೆ ನೋಡಿದಳು. ಟೀಚರ್ ಹಿಂದಿನ ಬೆಂಚಿನವನನ್ನು ಎಬ್ಬಿಸಿ ಕೇಳುವ ದನಿಯಲ್ಲಿ ಕೇಳಿದಳು. “ಸುಲೋಚನಾ ಅಲ್ಲ. ನಾನೂ ಅಲ್ಲ. ಮೂರರಲ್ಲಿ ಎರಡು ಹೋದರೆ ಎಷ್ಟು ಉಳೀತದೆ, ರಾಜ?”

ಮೇಲೆ ಫ್ಯಾನು ತಿರುಗುತ್ತಿತ್ತು. ಕ್ಯಾಲೆಂಡರಿನ ಹಾಳೆಯ ಒಂದು ಮೂಲೆ ಏಳುತ್ತಿತ್ತು, ಬೀಳುತ್ತಿತ್ತು.

ಮಧ್ವರಾಜ ಕನ್ನಡಕ ತೆಗೆದು ಜೇಬಿಗೆ ಹಾಕಿದ. ಲೆಕ್ಕ ತಪ್ಪಿದ ಮನುಷ್ಯನ ಮುಖ ಅದಾಗಿರಲಿಲ್ಲ. ಮುಂದಿನ ಲೆಕ್ಕ ಶುರು ಮಾಡಿದವನ ಮುಖದಂತಿತ್ತು.

“ಸರ್,” ಎಂದಳು ಸುಲೋಚನಾ. ಅವಳ ದನಿಯ ಬೆಂಕಿ ಆರಿತ್ತು. “ನೀವು ಗಣೇಶ ಹಬ್ಬಕ್ಕ ಅಪ್ಪಗ ವರ್ಷಾ ಒಂದು ಶಾಲು ಕೊಡ್ತಿದ್ರಿ. ಅವ ಮಂದಿಗೆಲ್ಲಾ ತೋರಿಸ್ತಿದ್ದ, ನಮ್ಮ ಮಾಲೀಕ ನನ್ನ ಮರ್ತಿಲ್ಲ ಅಂತ. ನಂಗ ಶಾಲು ಬ್ಯಾಡ. ಸಹಿ ಮಾಡ್ರಿ. ಬಸ್.”

ಮಧ್ವರಾಜ ಅವಳನ್ನು ನೋಡಿದ. ಆ ಕೋಣೆಗೆ ಬಂದ ಮೇಲೆ ಅವಳ ಮುಖವನ್ನು ನೇರವಾಗಿ ನೋಡಿದ್ದು ಅದೇ ಮೊದಲು.

“ಮಾಡ್ತೇನೆ,” ಎಂದ.

ಟೈಪು ಮಾಡಿದ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡ. ಜೇಬು ಮುಟ್ಟಿ ನೋಡಿದ. ಪ್ರಿಯಂವದಾ ಚಾಚಿದ ಪೆನ್ನನ್ನು ಹಿಂದಕ್ಕೆ ಸರಿಸಿದ.

“ಕೆಂಪಿನಲ್ಲಿ ಸಹಿ ಮಾಡುವುದಿಲ್ಲ ನಾನು. ಕೆಳಗಿಂದ ಪೆನ್ನು ತರ್ತೇನೆ. ಸೀಲು ಕೂಡ ಬೇಕು.”

ಕಾಗದಗಳನ್ನು ಎತ್ತಿಕೊಂಡು ಅವನು ಹೊರಗೆ ನಡೆದ. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತೈದು.

ಅಂಬಾರಾಯ ದಪ್ಪನೆ ಕುರ್ಚಿಯಲ್ಲಿ ಕೂತ. ಕದಿಯದವರ ಮೇಲೆ ಆಪಾದನೆ ಹೊರಿಸಿದೆ ಎಂಬ ನಾಚಿಕೆ ಒಂದು ಕಡೆ, ಕೆಲಸ ಮುಗಿಯಿತು ಎಂಬ ಸಮಾಧಾನ ಇನ್ನೊಂದು ಕಡೆ. ತಣ್ಣಗಾದ ಚಹಾ ಎತ್ತಿಕೊಂಡ.

“ತಪ್ಪಾತು ಅಕ್ಕಾರ,” ಎಂದ. ಅವನ ಬಾಯಿಂದ ಆ ಮಾತು ಹೊರಡುವುದು ವರ್ಷಕ್ಕೆ ಒಮ್ಮೆ. “ಆದ್ರ ಯಾಕ ಬರದ್ರಿ ಅದನ್ನ?”

ಪ್ರಿಯಂವದಾ ಹೇಳಿದಳು. ಡೊಂಬಿವಲಿಯ ಆ ಖೋಲಿಗೆ ಮೊದಲ ದೊಡ್ಡ ಹೂಡಿಕೆದಾರ ಬಂದ ದಿನದ ಮಾತು. ಈ ಲೆಕ್ಕ ಎಲ್ಲಿಂದ ಹೊಳೆಯಿತು ಎಂದು ಅವನು ಕೇಳಿದ. ಮಧ್ವರಾಜ ನಿಜವನ್ನೇ ಹೇಳಿದ, ನಮ್ಮ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಒಬ್ಬ ಮನುಷ್ಯನಿಂದ ಎಂದು. ಬಂದವನು ತಮಾಷೆ ಎಂದುಕೊಂಡು ಬಿದ್ದು ಬಿದ್ದು ನಕ್ಕ. ಆಮೇಲೆ ದಾಖಲೆ ಕೇಳಿದ.

“ನಾನೇ ಹೇಳಿದೆ, ಯಂಕಪ್ಪನ ಕ್ಯಾಲೆಂಡರ್ ತರ್ತೇನೆ ಅಂತ. ಇವನು ಬೇಡ ಅಂದ. ಇದ್ದಿಲಿನ ಚುಕ್ಕೆ ನೋಡಿ ಯಾರು ಬಂಡವಾಳ ಹಾಕ್ತಾರೆ, ಅಕ್ಕ? ಅಂದ. ಹಳೆ ನೋಟ್‌ಬುಕ್ ಒಂದು ರದ್ದಿ ಅಂಗಡಿಯಿಂದ ತಂದುಕೊಟ್ಟ. ಒಂದು ವಾರದಲ್ಲಿ ಬರೆದು ಮುಗಿಸಿದೆ. ಬಂಡವಾಳ ಬಂತು. ಬಂದ ಮೇಲೆ ನಿಜ ಹೇಳುವ ಅಂದಿದ್ದ. ಆಮೇಲೆ ಹಾಸ್ಟೆಲು ಬಂತು, ಆಸ್ಪತ್ರೆ ಬಂತು. ಒಂದು ಒಳ್ಳೆ ಕೆಲಸ ಆದ ಹಾಗೆ ನಿಜ ಹೇಳುವುದು ಒಂದು ವರ್ಷ ಮುಂದೆ ಹೋಯ್ತು.”

“ಅಪ್ಪಗ ಗೊತ್ತಿತ್ತಾ?” ಎಂದಳು ಸುಲೋಚನಾ.

“ಒಂದು ಭಾಷಣಕ್ಕೆ ಅವನನ್ನು ಕರ್ಕೊಂಡು ಹೋಗಿದ್ದೆ. ಹಿಂದಿನ ಸಾಲಿನಲ್ಲಿ ಕೂತಿದ್ದ. ನೋಟ್‌ಬುಕ್ ಎತ್ತಿ ತೋರಿಸುವಾಗ ಎಲ್ಲರ ಸಂಗಡ ಅವನೂ ಚಪ್ಪಾಳೆ ತಟ್ಟಿದ. ಗೊತ್ತಾಗಿ ತಟ್ಟಿದನೋ, ಗೊತ್ತಾಗದೆಯೋ, ಈಗ್ಲೂ ನನಗೆ ತಿಳಿಯುವುದಿಲ್ಲ.”

ಸುಲೋಚನಾ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಸುತ್ತಿದಳು.

ಅಂಬಾರಾಯ ಕಪ್ಪು ಕೆಳಗಿಡಲು ಜಾಗ ಮಾಡಿದ. ಮಧ್ವರಾಜ ಕೂತಿದ್ದ ಕಡೆ ಅರ್ಜಿಗಳ ಕಟ್ಟು ಪಕ್ಕಕ್ಕೆ ಸರಿಯಿತು. ಅದರ ಕೆಳಗೆ ಒಂದು ಪೆನ್ನು ಬಿದ್ದಿತ್ತು. ಕಪ್ಪು ಬಣ್ಣದ, ಬಂಗಾರದ ಅಂಚಿನ ಪೆನ್ನು. ಮುಚ್ಚಳದ ಮೇಲೆ ಪುಟ್ಟ ಕೊಳಗದ ಚಿತ್ರ.

ಅವನು ಅದನ್ನು ತೆಗೆದು ತನ್ನ ಅಂಗೈ ಮೇಲೆ ಗೀರಿದ. ನೀಲಿ.

“ಪೆನ್ನು ಇಲ್ಲೇ ಇತ್ತಲ್ಲ,” ಎಂದ.

ಗಡಿಯಾರದಲ್ಲಿ ಐದಕ್ಕೆ ನಾಲ್ಕು ನಿಮಿಷ.

“ಸಾಹೇಬ್ರ,” ಎಂದಳು ಸುಲೋಚನಾ ಮೆಲ್ಲಗೆ. “ಅಪ್ಪನ ಹಾಳಿ ಎಲ್ಲೈತಿ?”

ಮೇಜಿನ ಮೇಲೆ ನೋಟ್‌ಬುಕ್ಕಿನ ನಕಲು ಇತ್ತು. ಪ್ಲಾಸ್ಟಿಕ್ ಕವರು ಇತ್ತು, ಖಾಲಿ. ಕ್ಯಾಲೆಂಡರಿನ ಹಾಳೆ ಇರಲಿಲ್ಲ. ಅಂಬಾರಾಯನ ಫೋನಿನಲ್ಲಿ ಅದರ ಫೋಟೋ ಇತ್ತು ನಿಜ. ಆದರೆ ಫೋಟೋದಲ್ಲಿ ಚುಕ್ಕೆ ಯಾರು ಬೇಕಾದರೂ ಇಡಬಹುದು. ಮೂವತ್ತಾರು ವರ್ಷದ ಇದ್ದಿಲಿಗೆ ಮಾತ್ರ ಬೆಲೆ.

ಬಾಗಿಲು ತೆರೆಯಿತು. ಮೂವರೂ ಒಟ್ಟಿಗೆ ತಿರುಗಿದರು.

ಬಂದವನು ಗೇಟಿನ ವಾಚ್‌ಮನ್ ರೇವಣಸಿದ್ದ.

“ಪೊಲೀಸ್ರು ಬಂದಾರ್ರಿ,” ಎಂದ. “ಸಾಹೇಬ್ರು ಎಲ್ಲಿ ಅಂತ ಕೇಳಾಕತ್ತಾರ.”

“ಕೆಳಗ ಆಫೀಸಿನ್ಯಾಗ ಇಲ್ಲೇನು?”

“ಅವ್ರು ಹೋಗಿ ಅರ್ಧ ತಾಸಾತಲ್ರೀ. ಗಾಡಿ ಇಲ್ಲೇ ಐತಿ, ಡ್ರೈವರ್ ಒಳಗ ಮಲಗ್ಯಾನ. ಸಾಹೇಬ್ರು ನಡಕೋತ ಗೇಟ್ ದಾಟಿ ರಿಕ್ಷಾ ಹತ್ತಿದ್ರು. ಇಷ್ಟು ವರ್ಷದಾಗ ರಿಕ್ಷಾ ಹತ್ತಿದ್ದು ನಾ ನೋಡೇ ಇಲ್ಲ ಬಿಡ್ರಿ.”

“ಎಲ್ಲಿಗಿ?”

“ಮುಂಬ್ರಾ ಬರ್ತೀಯೇನು ಅಂತ ಕೇಳಿದ್ದು ಕೇಳಿಸ್ತು.”

ಸುಲೋಚನಾ ಆಗಲೇ ಫೋನು ಕಿವಿಗಿಟ್ಟಿದ್ದಳು. ಹೊರಗೆ ಮೆಟ್ಟಿಲ ಮೇಲೆ ಬೂಟಿನ ಸದ್ದು ಹತ್ತಿರವಾಗುತ್ತಿತ್ತು. ಮುಂಬ್ರಾದ ಗುಡ್ಡದ ಕೆಳಗಿನ ಖೋಲಿಯಲ್ಲಿ ಚಂದ್ರಬಾಯಿ ಈ ಹೊತ್ತಿಗೆ ಒಬ್ಬಳೇ ಇರುತ್ತಾಳೆ. ಫೋನನ್ನು ಅವಳು ಯಾವಾಗಲೂ ಉಳಿದ ಹನ್ನೊಂದು ಹಾಳೆಗಳಿರುವ ಆ ಟ್ರಂಕಿನ ಮೇಲೆಯೇ ಇಡುತ್ತಾಳೆ ಎಂದು ನಿನ್ನೆ ಅಂಬಾರಾಯ ಕಣ್ಣಾರೆ ಕಂಡಿದ್ದ.

ರಿಂಗು ಆಗುತ್ತಿತ್ತು. ಯಾರೋ ಎತ್ತಿದರು. ಸುಲೋಚನಾ “ಅವ್ವಾ” ಎಂದಳು.

ಆ ಕಡೆಯಿಂದ ಮಾತು ಬರಲಿಲ್ಲ. ಕಾಗದ ಹರಿಯುವ ಸದ್ದು ಬಂತು.